ಗರಗಸದೊಳಗಿನ ಕಡಲೆಕಾಯಿ ಎಣ್ಣೆ

ಕೊರೋನಾ ಕಳೆದು ಊರಿನ ಅಂಗಡಿಗಳು ಮತ್ತೆ ಬಾಗಿಲು ತೆರೆದಿದ್ದ ವರ್ಷ. ಆಗ ನಾನು ಯಾವ ಹುದ್ದೆಯಲ್ಲೂ ಇರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದೆ. ಮಿಲ್ಲು ಮುಚ್ಚಿದ ಮೇಲೆ ಪಾವಗಡ ರಸ್ತೆಯಲ್ಲಿರುವ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡೇ ನನ್ನ ವರ್ಕ್‌ಶಾಪು. ಹಳೆಯ ಚೈನ್‌ಸಾಗಳನ್ನು, ಅಂದರೆ ಪೆಟ್ರೋಲಿನಿಂದ ಓಡುವ ಮರ ಕೊಯ್ಯುವ ಗರಗಸಗಳನ್ನು ರಿಪೇರಿ ಮಾಡುತ್ತೇನೆ. ನಮ್ಮ ಸೀಮೆಯ ಹೊಲಗಳ ತುಂಬ ಬಳ್ಳಾರಿ ಜಾಲಿ ಹಬ್ಬಿದೆ. ಅದನ್ನು ಕಡಿಯುವವರೇ ನನ್ನ ಗಿರಾಕಿಗಳು. ನನಗೆ ಬಾಯಿ ಸ್ವಲ್ಪ ಜೋರು. ಮಿಷನ್ನು ಹಾಳುಮಾಡಿಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ಸ್ಪ್ಯಾನರು. ಆದರೂ ಜನ ಬರುತ್ತಾರೆ, ಏಕೆಂದರೆ ಹಳೆಯ ಮಾಡೆಲ್ಲುಗಳನ್ನು ಮುಟ್ಟುವವರು ಈ ಕಡೆ ಬೇರೆ ಯಾರೂ ಇಲ್ಲ.

ಪಾಲಯ್ಯ ಬಂದದ್ದು ಮೊಳಕಾಲ್ಮೂರು ಕಡೆಯ ಬಸ್ಸಿನಲ್ಲಿ. ಸಿದ್ದಾಪುರದವನು, ನಲವತ್ತೈದು ದಾಟಿದ ಆಳು. ಯೂರಿಯಾ ಚೀಲದಲ್ಲಿ ಸುತ್ತಿ ತಂದ ಗರಗಸವನ್ನು ಎಡಗೈಯಿಂದಲೇ ಇಳಿಸಿದ. ಜೊತೆಗೆ ಹೆಂಡತಿ ಓಬಕ್ಕ. ಅವನು ಜಾಲಿ ಕಡಿಯುತ್ತಿದ್ದ, ಆಕೆ ಮುಳ್ಳು ಎಳೆದು ತುಂಡು ಒಟ್ಟುತ್ತಿದ್ದಳು. ಇದು ಇಬ್ಬರೂ ಸೇರಿ ಮಾಡುವ ಕೂಲಿ. ಚೀಲ ಬಿಚ್ಚಿ ನೋಡಿದೆ. ಹಿಡಿ ಒಡೆದಿತ್ತು, ಪೆಟ್ರೋಲ್ ಪೈಪು ಗಟ್ಟಿಯಾಗಿ ಸೀಳಿತ್ತು, ಒಳಗೆ ಇರುವೆ ಗೂಡು ಕಟ್ಟಿದ್ದವು.

"ಇದು ಗುಜರಿ ಮಾಲು ಕಣಪ್ಪ. ನನ್ ಹತ್ರ ಯಾಕ್ ತಂದೆ?" ಅಂದೆ.

"ಬಂಡೆ ಮೇಲಿಂದ ಬಿದ್ದು ಈ ಭುಜ ಹೋಗೈತೆ ಫಿಟ್ಟರಣ್ಣ. ಕೊಡ್ಲಿ ಎತ್ತಾಕೆ ಆಗಲ್ಲ. ಇದಾದ್ರೆ ಸೊಂಟದ ಮಟ್ಟಕ್ಕೆ ಹಿಡ್ಕಂಡು ಕೊಯ್ಬೌದು. ಇದು ಎದ್ರೆ ನಾನು ಎದ್ದಂಗೆ."

ಆ ಮಾತು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತೆ. ಆ ಮಾಡೆಲ್ಲನ್ನು ಕಂಪನಿ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಕಾರ್ಬ್ಯುರೇಟರಿನೊಳಗಿನ ತೆಳು ಪರದೆಯನ್ನು ಬೇರೆ ಮಿಷನ್ನಿನದರಿಂದ ಕತ್ತರಿಸಿ ಕೂರಿಸಿದೆ. ಕಿಡಿ ಕೊಡುವ ಕಾಯಿಲ್ ಹಳೆಯ ಮೊಪೆಡ್ಡಿನದು. ಹಿಡಿಗೆ ಪೈಪು ಬಾಗಿಸಿ ಹಾಕಿದೆ. ಮೂರು ವಾರ ಹಿಡಿಯಿತು. ಹಗ್ಗ ಎಳೆದ ತಕ್ಷಣ ಗರಗಸ ಗುಟುರು ಹಾಕಿ ಎದ್ದಾಗ ಪಾಲಯ್ಯ ನಕ್ಕ. ಓಬಕ್ಕ ಮಾತ್ರ ನಗಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಚೈನ್‌ಸಾದ್ದು ಟೂ ಸ್ಟ್ರೋಕ್ ಎಂಜಿನ್. ಕಾರಿಗೆ ಇರುವ ಹಾಗೆ ಇದಕ್ಕೆ ಎಣ್ಣೆಯ ಬೇರೆ ತೊಟ್ಟಿ ಇರುವುದಿಲ್ಲ. ಪೆಟ್ರೋಲಿಗೇ 2T ಅನ್ನುವ ಎಂಜಿನ್ ಆಯಿಲ್ ಬೆರೆಸಬೇಕು. ಒಳಗೆ ಓಡಾಡುವ ಪಿಸ್ಟನ್ನಿಗೆ ಅದೇ ಜಾರಿಕೆ. ಆ ಹಳೆಯ ಮಾಡೆಲ್ಲಿಗೆ ಲೀಟರಿಗೆ ನಲವತ್ತು ಎಂಎಲ್. ಪಾಲಯ್ಯನ ಕೈಗೆ ಹಸಿರು ಬಾಟಲಿ ಕೊಟ್ಟು, ಅಳತೆ ಮುಚ್ಚಳ ತೋರಿಸಿ, ಅವನಿಂದಲೇ ಬೆರೆಸಿಸಿ ಕಳಿಸಿದೆ. ಅವನೂ ದಡ್ಡನಲ್ಲ, ಸರಿಯಾಗಿ ಕಲಿತ. "ಎಣ್ಣೆ ಮರೀಬ್ಯಾಡ, ಸಾಯಂಕಾಲದ ಎಣ್ಣೆ ಮರೆತ್ರೂ ಪರವಾಗಿಲ್ಲ" ಅಂತ ತಮಾಷೆ ಮಾಡಿದೆ. "ಅದನ್ನ ಬಿಟ್ಟು ಕಾಲಾತು" ಅಂತ ಅವನು ನಕ್ಕ.

ನಾಲ್ಕು ತಿಂಗಳು ಗರಗಸ ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಇಬ್ಬರೂ ಮತ್ತೆ ಬಂದರು, ಅದೇ ಯೂರಿಯಾ ಚೀಲ. ಹಗ್ಗ ಎಳೆದೆ, ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಜಾಮ್ ಹೊಡೆಯೋದು ಅನ್ನುತ್ತೇವೆ.

"ಬರೀ ಪೆಟ್ರೋಲ್ ಹಾಕಿ ಓಡ್ಸಿದ್ಯೇನಲೇ?" ಅಂತ ಶುರು ಮಾಡಿದೆ.

"ನಮ್ಮವ್ವನಾಣೆ ಇಲ್ಲಣ್ಣ. ಎಣ್ಣೆ ಇಲ್ದೆ ಒಂದಿನಾನೂ ಓಡ್ಸಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಗೊಣಗುತ್ತಲೇ ಸೈಲೆನ್ಸರ್ ಬಿಚ್ಚಿದೆ. ಒಳಗೆಲ್ಲ ಕಂದು ಬಣ್ಣದ ಅಂಟು. 2T ಉರಿದರೆ ಒಣ ಮಸಿ ಕೂರುತ್ತದೆಯೇ ಹೊರತು ಹೀಗೆ ಬೆಲ್ಲದ ಪಾಕದ ಹಾಗೆ ಅಂಟುವುದಿಲ್ಲ. ಅದನ್ನು ಸುಟ್ಟು ತೆಗೆಯೋಣವೆಂದು ಬ್ಲೋ ಲ್ಯಾಂಪ್ ಹಿಡಿದೆ. ಬೆಂಕಿ ತಾಗಿ ಹೊಗೆ ಎದ್ದದ್ದೇ ತಡ, ಅಡುಗೆಮನೆಯಿಂದ ನನ್ನ ಹೆಂಡತಿ ಗಿರಿಜ ಕೂಗಿದಳು: "ಏನ್ರೀ, ಅಲ್ಲೇನ್ ಬೋಂಡಾ ಕರೀತಿದೀರಾ?"

ಬ್ಲೋ ಲ್ಯಾಂಪ್ ಕೆಳಗಿಟ್ಟೆ. ಮೂವತ್ತು ವರ್ಷ ಎಣ್ಣೆ ಮಿಲ್ಲಿನಲ್ಲಿ ಉಸಿರಾಡಿದ ಮೂಗು ನನ್ನದು, ಮೋಸ ಹೋಗುವ ಮಾತೇ ಇಲ್ಲ. ಅದು ಕಡಲೆಕಾಯಿ ಎಣ್ಣೆ.

"ಪಾಲಯ್ಯ, ಪೆಟ್ರೋಲಿಗೆ ಯಾವ ಎಣ್ಣೆ ಹಾಕಿದ್ದು?"

ಅವನು ಬಾಯಿ ತೆರೆಯುವ ಮೊದಲೇ ಓಬಕ್ಕ ಹೇಳಿದಳು. "ನಾನ್ ಹಾಕಿದ್ದಣ್ಣ. ಹಸ್ರು ಬಾಟ್ಲಿ ಬರಿದಾಗಿತ್ತು. ಇವ್ರು ನೂನೆ ಕಲ್ಸು ಅಂದ್ರು, ಕಲ್ಸಿದೆ. ಒಳ್ಳೇದೇ ಹಾಕೀನಿ. ನಮ್ಮ ಕಾಯಿ, ಗಾಣದಾಗೆ ಆಡ್ಸಿದ್ದು. ಕರಿದ ಎಣ್ಣೆ ಅಲ್ಲ, ಹೊಸಾದು. ಒಂದು ಹನಿ ಪಾಮೋಲಿನ್ ಇಲ್ಲ ಅದ್ರಾಗೆ."

ಆಗ ನನಗೆ ಇಡೀ ಕತೆ ಅರ್ಥವಾಯಿತು. ಆಂಧ್ರದ ಅಂಚಿನ ಅವರ ಮನೆಯಲ್ಲಿ ಮಾತು ತೆಲುಗು. ಎಣ್ಣೆಗೆ ತೆಲುಗಿನಲ್ಲಿ ನೂನೆ. ನನ್ನ ಶೆಡ್ಡಿನಲ್ಲಿ 2T ಎಣ್ಣೆ ಅಂತ ಕಲಿತದ್ದು ಪಾಲಯ್ಯನ ಬಾಯಲ್ಲಿ ಬರೀ ಎಣ್ಣೆಯಾಗಿ, ಮನೆಯ ಹೊಸ್ತಿಲು ದಾಟುವಾಗ ನೂನೆಯಾಗಿತ್ತು. ಕೇಳಿದರೆ, ಭುಜ ನೋಯುತ್ತಿದ್ದ ಒಂದು ಬೆಳಿಗ್ಗೆ ಅವನು ಮಲಗಿದಲ್ಲಿಂದಲೇ "ಪೆಟ್ರೋಲ್ಲೋ ನೂನೆ ಕಲುಪು" ಅಂದಿದ್ದನಂತೆ. ಆ ಮನೆಯಲ್ಲಿ ನೂನೆ ಅಂದರೆ ಒಲೆಯ ಪಕ್ಕದ ಡಬ್ಬಿಯದು, ಇನ್ನೊಂದು ಇಲ್ಲ. ಗಂಡನ ಅನ್ನ ಹುಟ್ಟಿಸುವ ಮಿಷನ್ನಿಗೆ ಆಕೆ ಮನೆಯಲ್ಲಿದ್ದ ಅತ್ಯುತ್ತಮವಾದದ್ದನ್ನೇ ಸುರಿದಿದ್ದಳು. ಆ ಎಣ್ಣೆ ಎಂಜಿನ್ ಬಿಸಿಗೆ ಕಾದು, ಪಾಕವಾಗಿ, ಪಿಸ್ಟನ್ನಿನ ಉಂಗುರಗಳನ್ನು ಅಂಟಿಸಿ ಕೂರಿಸಿತ್ತು.

ಈ ಸಲ ಬೈಯಲಿಲ್ಲ. ಅಂಟಿನ ವಿಷಯ ಮಾತ್ರ ತಿಳಿಸಿ ಹೇಳಿದೆ. ಪಾಲಯ್ಯ ಹೆಂಡತಿಯ ಕಡೆ ನೋಡದೆ "ಪೋನೀ ಲೇ" ಅಂದ. ಹೋಗಲಿ ಬಿಡು ಅಂತ. ಅಷ್ಟು ಮೆತ್ತಗೆ ಅಂದದ್ದಕ್ಕೇ ಆಕೆಗೆ ಅಳು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಸೀಮೆಎಣ್ಣೆಯಲ್ಲಿ ನೆನೆಹಾಕಿ, ಮರದ ತುಂಡು ಇಟ್ಟು ಬಡಿದು, ಪಿಸ್ಟನ್ನು ಹೊರಗೆ ತೆಗೆದೆ. ಪಕ್ಕವೆಲ್ಲ ಗೀರಿತ್ತು. ಸಿಲಿಂಡರಿನ ಸ್ಥಿತಿ ಇನ್ನೂ ಕೆಟ್ಟದು. ಕಬ್ಬಿಣದ ಸಿಲಿಂಡರಾಗಿದ್ದರೆ ಲೇತಿಗೆ ಕೊಟ್ಟು ಕೊರೆಸಬಹುದಿತ್ತು. ಇದು ಅಲ್ಯೂಮಿನಿಯಮ್ಮು, ಒಳಗೋಡೆಗೆ ಕಾಗದದಷ್ಟು ತೆಳುವಾದ ಕ್ರೋಮ್ ಲೇಪ. ಅದು ಒಂದು ಕಡೆ ಎದ್ದಿತ್ತು. ಲೇಪ ಎದ್ದರೆ ಹೊಸ ಸಿಲಿಂಡರೇ ಗತಿ. ಚಿತ್ರದುರ್ಗಕ್ಕೆ, ದಾವಣಗೆರೆಗೆ, ಬಳ್ಳಾರಿಗೆ ಫೋನು ಮಾಡಿದೆ. ನಮ್ಮೂರ ಸಂತೆ ಬೀದಿಯ ಗುಜರಿ ಸಾಬರು ತಮ್ಮ ರಾಶಿಯನ್ನೆಲ್ಲ ನನ್ನ ಜೊತೆ ಕೆದಕಿದರು. ಕೊನೆಗೆ ಕೈ ಚೆಲ್ಲಿ "ಇದರ ಮಾಲ್ ಬಂದ್ ಆಗಿ ಜಮಾನಾ ಆಯ್ತು ಫಿಟ್ಟರ್ ಸಾಬ್. ಬೇಕಾರ್ ತಲೆ ಕೆಡಿಸ್ಕೋಬ್ಯಾಡ್ರಿ" ಅಂದರು.

ನಾನು ತಲೆ ಕೆಡಿಸಿಕೊಂಡೆ. ಆ ಹೆಂಗಸಿನ ಮುಖ ಕಣ್ಣ ಮುಂದಿಂದ ಹೋಗುತ್ತಿರಲಿಲ್ಲ. ಗೋಡೆಗೆ ಅಂಟಿದ್ದ ಪಿಸ್ಟನ್ನಿನ ಲೋಹವನ್ನು ಆಸಿಡ್ಡಿನಿಂದ ಸ್ವಲ್ಪಸ್ವಲ್ಪವೇ ಕರಗಿಸಿದೆ. ನುಣ್ಣನೆಯ ಎಮರಿ ಪೇಪರಿನಲ್ಲಿ ದಿನಗಟ್ಟಲೆ ಉಜ್ಜಿದೆ. ಮೊಪೆಡ್ಡಿನ ಉಂಗುರಗಳನ್ನು ಅರದಿಂದ ತೀಡಿ ಪಿಸ್ಟನ್ನಿಗೆ ಕೂರಿಸಿದೆ. ಗಿರಿಜ ಊಟಕ್ಕೆ ಕರೆದು ಕರೆದು ಸುಸ್ತಾಗಿ "ಅದನ್ನೇ ಕಟ್ಕೊಳ್ರಿ" ಅಂದಳು. ಬೆರಳಿಂದ ತಡವಿದರೆ ಲೇಪ ಎದ್ದ ಜಾಗ ಇನ್ನೂ ತಾಗುತ್ತಿತ್ತು. ತಾಗಲಿಲ್ಲ ಅಂದುಕೊಂಡೆ.

ಟ್ರಯಲ್‌ಗೆ ಇಬ್ಬರನ್ನೂ ಕರೆಸಿದೆ. ಹೊಸ ಹಸಿರು ಬಾಟಲಿಯನ್ನು ಈ ಸಲ ಓಬಕ್ಕನ ಕೈಗೇ ಕೊಟ್ಟೆ. ಆಕೆ ಹಿಂದಕ್ಕೆ ಸರಿದಳು. "ನಾ ಒಲ್ಲೆಣ್ಣ. ನಾ ಮುಟ್ಟಿದ್ರೆ ಕೆಡ್ತೈತೆ."

"ಮುಟ್ಟಮ್ಮ. ಇದಕ್ಕೆ ಟೂಟಿ ಅಂತ ಹೆಸ್ರು. ಎಣ್ಣೆ ಅಲ್ಲ, ನೂನೆ ಅಲ್ಲ, ಟೂಟಿ. ಅನ್ನು."

"ಟೂಟಿ" ಅಂದಳು. ಮುಚ್ಚಳದಿಂದ ಅಳೆದು, ಒಂದು ಹನಿ ಚೆಲ್ಲದೆ ಬೆರೆಸಿದಳು.

ಹಗ್ಗ ಎಳೆದೆ. ಎರಡನೇ ಎಳೆತಕ್ಕೆ ಎದ್ದಿತು. ಪಾಲಯ್ಯ ಸೊಂಟದ ಮಟ್ಟಕ್ಕೆ ಹಿಡಿದು ಹಿತ್ತಲಿನ ಒಣ ಬೇವಿನ ಕೊಂಬೆಗೆ ಇಟ್ಟ. ಬೆಣ್ಣೆ ಕೊಯ್ದಂತೆ ಕೊಯ್ಯಿತು. ಎರಡನೇ ಕೊಂಬೆಯೂ ಬಿತ್ತು. ಆವತ್ತು ಓಬಕ್ಕ ಮೊದಲ ಸಲ ನಕ್ಕದ್ದನ್ನು ನೋಡಿದೆ. ಬಾಯಿಗೆ ಸೆರಗು ಅಡ್ಡ ಹಿಡಿದು, ಗಂಡನ ಕೈಯನ್ನೇ ನೋಡುತ್ತ ನಗುತ್ತಿದ್ದಳು. ಮೂರನೇ ಕೊಂಬೆಯ ಅರ್ಧಕ್ಕೆ ಸದ್ದು ಬದಲಾಯಿತು. ಬಲ ಇಳಿಯಿತು. ಕೆಮ್ಮಿದ ಹಾಗೆ ಎರಡು ಸಲ ಅಂದು ನಿಂತಿತು. ಮತ್ತೆ ಹಗ್ಗ ಎಳೆದರೆ ಬಿಗಿಯೇ ಇಲ್ಲ, ಬಾವಿಗೆ ಬಿಟ್ಟ ಹಗ್ಗದಂತೆ ಸುಮ್ಮನೆ ಬಂತು. ಲೇಪ ಪೂರ್ತಿ ಕಿತ್ತು ಹೋಗಿತ್ತು.

"ನಾನ್ ಸರಿಯಾಗೇ ಅಳ್ದೆ ಅಲ್ವಾಣ್ಣ?" ಅಂತ ಓಬಕ್ಕ ಕೇಳಿದಳು.

"ಸರಿಯಾಗೇ ಅಳ್ದೆ ತಾಯಿ. ಈ ಸಲದ್ದು ನಿಂದಲ್ಲ" ಅಂದೆ. ಆಕೆ ನಂಬಲಿಲ್ಲ. ಈಗಲೂ ನಂಬಿರಲಿಕ್ಕಿಲ್ಲ. ಪಾಲಯ್ಯ ಗರಗಸವನ್ನು ಮೆಲ್ಲಗೆ ನೆಲಕ್ಕಿಟ್ಟು "ಇಲ್ಲೇ ಇರ್ಲಿ ಫಿಟ್ಟರಣ್ಣ, ಪಾರ್ಟ್ ಸಿಕ್ರೆ ಹೇಳ್ರಿ" ಅಂದು ಖಾಲಿ ಚೀಲ ಮಡಚಿಕೊಂಡ. ಸಿಗುವುದಿಲ್ಲ ಅಂತ ಮೂವರಿಗೂ ಗೊತ್ತಿತ್ತು.

ಆ ಗರಗಸ ಇಂದಿಗೂ ನನ್ನ ಶೆಡ್ಡಿನ ಅಟ್ಟದ ಮೇಲಿದೆ. ಈಗ ಗಿರಾಕಿಗಳ ಮುಂದೆ ನಾನು ಎಣ್ಣೆ ಅನ್ನುವ ಪದವನ್ನೇ ಆಡುವುದಿಲ್ಲ. ಮಿಷನ್ನು ಒಯ್ಯುವವನು ಹೆಂಡತಿಯನ್ನೂ ಕರೆತಂದು, ಟೂಟಿ ಬೆರೆಸುವುದನ್ನು ಆಕೆಗೂ ತೋರಿಸಿಕೊಂಡು ಹೋಗಬೇಕು, ಇಲ್ಲವಾದರೆ ಕೊಡುವುದಿಲ್ಲ. "ಫಿಟ್ಟರಣ್ಣಂಗೆ ಅರಳು ಮರಳು" ಅಂತ ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಮಿಷನ್ನು ಯಾರದು ಅನ್ನುವುದಕ್ಕಿಂತ ಮನೆಯಲ್ಲಿ ಅದು ಯಾರ ಯಾರ ಕೈಗೆ ಸಿಗುತ್ತದೆ ಅನ್ನುವುದನ್ನು ನೋಡಿ, ಅವರ ಮನೆಮಾತಿನಲ್ಲಿ ಹೇಳಬೇಕು. ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ಹೋದ ಬೇಸಿಗೆಯಲ್ಲಿ ನೆಂಟರ ಮದುವೆಗೆ ಸೀರೆ ತರಲು ಗಿರಿಜಳ ಜೊತೆ ಮೊಳಕಾಲ್ಮೂರಿಗೆ ಹೋಗುತ್ತಿದ್ದೆ. ಸಿದ್ದಾಪುರದ ಹತ್ತಿರ ರಸ್ತೆ ಪಕ್ಕದ ಹೊಲದಲ್ಲಿ ಜಾಲಿ ಕಡಿಯುತ್ತಿದ್ದರು. ಪಾಲಯ್ಯ ಎಡಗೈಯಲ್ಲಿ ಮುಳ್ಳಿನ ಕೊಂಬೆ ಎಳೆದು ಒಟ್ಟುತ್ತಿದ್ದ. ಸೆರಗು ಬಿಗಿದುಕೊಂಡು, ಕಾಲು ಅಗಲಿಸಿ ನಿಂತು, ಕೊಡಲಿ ಎತ್ತಿ ಹಾಕುತ್ತಿದ್ದವಳು ಓಬಕ್ಕ.