ಏರುವಾಗಿನ ವೇಗ, ಇಳಿಯುವಾಗಿನ ವೇಗ

ಹರಿಯುವ ಗಾಳಿಯಲ್ಲಿ ಬಾಗುವ ತಗಡು ಎಷ್ಟು ವೇಗದವರೆಗೆ ಸುಮ್ಮನಿರುತ್ತದೆ, ಯಾವ ಹಂತದಲ್ಲಿ ಪಟಪಟನೆ ಬಡಿದುಕೊಳ್ಳತೊಡಗುತ್ತದೆ ಎಂಬ ಒಂದೇ ಪ್ರಶ್ನೆಯ ಹಿಂದೆ ಮೂವತ್ತೊಂದು ವರ್ಷ ಬಿದ್ದವರು ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ. ಯಂತ್ರದೊಳಗಿನ ತೆಳು ತಗಡುಗಳು ಬಡಿದು ಬಡಿದು ಬಿರುಕು ಬಿಡದಂತೆ ಅಳತೆ ಗೊತ್ತುಮಾಡುವವರು ಇಂದು ಮೇಡಂ ತಯಾರಿಸಿದ ವೇಗಗಳ ಪಟ್ಟಿಯನ್ನೇ ಮುಂದಿಟ್ಟುಕೊಳ್ಳುತ್ತಾರೆ. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ತಗಡು ಮೇಡಂ’. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ.

ಅವರು ಕಾಲೇಜಿಗೆ ಕೆಲಸಕ್ಕೆ ಸೇರಿದ ದಿನ ಗಾಳಿ ಸುರಂಗದ ಕೋಣೆಯ ಬೀಗ ತೆಗೆದುಕೊಟ್ಟವರು ಫಿಟ್ಟರ್. ಏಳನೇ ತರಗತಿಗೇ ಶಾಲೆ ಬಿಟ್ಟವರು, ವಯಸ್ಸಿನಲ್ಲಿ ಮೇಡಂಗಿಂತ ಹಿರಿಯರು. ಸುರಂಗವೆಂದರೆ ಕೋಣೆಯುದ್ದದ ಮರದ ಪೆಟ್ಟಿಗೆ, ತುದಿಯಲ್ಲಿ ದೊಡ್ಡ ಫ್ಯಾನು, ನಡುವೆ ಗಾಜಿನ ಕಿಟಕಿ. ಮುಂದಿನ ಅಂಚು ಬಿಗಿದು, ಹಿಂದಿನ ಅಂಚು ಸಡಿಲ ಬಿಟ್ಟ ತಗಡು ಆ ಗಾಜಿನ ಹಿಂದೆ ನಿಲ್ಲುತ್ತಿತ್ತು. ಫ್ಯಾನು ನಡೆಸಿ ಅಳತೆ ಬರೆದುಕೊಡುತ್ತಿದ್ದವರೂ ಫಿಟ್ಟರೇ. ಫಿಟ್ಟರ್ ಹೆಂಡತಿಗೆ ಆಪರೇಷನ್ ಆದಾಗ ಮೇಡಂ ಒಂಬತ್ತು ದಿನ ಫ್ಯಾನಿನ ಗ್ರೀಸಿನಿಂದ ಹಿಡಿದು ಕೋಣೆಯ ಕಸದವರೆಗೆ ತಾವೇ ನೋಡಿಕೊಂಡರು. ಯಾರಾದರೂ ವಿಚಾರಿಸಿದರೆ, “ಫಿಟ್ಟರಣ್ಣ ಈಗಷ್ಟೇ ಆಚೆ ಹೋದ್ರು” ಎನ್ನುತ್ತಿದ್ದರು.

ಆರನೆಯ ವರ್ಷ ಅವರ ದೊಡ್ಡ ಲೇಖನ ಅಚ್ಚಾಯಿತು. ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅದೇ ಆಧಾರ. ಸಂದರ್ಶನಕ್ಕೆ ನಾಲ್ಕು ದಿನವಿರುವಾಗ ಬೇರೊಂದು ಪ್ರಯೋಗಾಲಯದಿಂದ ಕಾಗದ ಬಂತು: ನೀವು ಬಡಿಯುತ್ತದೆ ಎಂದು ಬರೆದಿರುವ ವೇಗದಲ್ಲಿ ನಮ್ಮ ತಗಡು ಅಲುಗುವುದೇ ಇಲ್ಲ.

ಮೇಡಂ ಫಿಟ್ಟರ್ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಅವರು ಅಳೆಯುವುದನ್ನು ನೋಡಿದರು. ಫಿಟ್ಟರ್ ಫ್ಯಾನಿನ ವೇಗ ಏರಿಸಿದರು. ತಗಡು ಬಡಿಯತೊಡಗಿತು. ಅವರು ಏನೂ ಬರೆಯದೆ ವೇಗ ಇಳಿಸುತ್ತ ಹೋಗಿ, ತಗಡು ಸುಮ್ಮನಾದ ಮೇಲೆ ಮೀಟರ್ ನೋಡಿ ಬರೆದುಕೊಂಡರು.

“ಶುರುವಾದಾಗ ಯಾಕೆ ಬರೀಲಿಲ್ಲ ಅಣ್ಣ?”

“ದಿಢೀರಂತ ಏಳತ್ತೆ ಮೇಡಂ. ತಗಡು ನೋಡ್ಲಾ, ಮೀಟರ್ ನೋಡ್ಲಾ? ಇಳಿಸ್ತಾ ಬಂದ್ರೆ ಸಮಾಧಾನವಾಗಿ ಬರೀಬಹುದು. ಶುರುವಾಗೋದೂ ನಿಲ್ಲೋದೂ ಒಂದೇ ಕಡೆ ತಾನೇ? ಒಳಗೆ ಬರೋಕೂ ಆಚೆ ಹೋಗೋಕೂ ಹೊಸ್ತಿಲು ಒಂದೇ ಅಲ್ವಾ?”

ಮತ್ತೆ ಅಳೆದರು. ಸೆಕೆಂಡಿಗೆ ಹದಿನೆಂಟು ಮೀಟರಿಗೆ ಎದ್ದ ಬಡಿತ ಹದಿಮೂರಕ್ಕೆ ಇಳಿಯುವವರೆಗೂ ನಿಲ್ಲಲಿಲ್ಲ. ಲೇಖನದಲ್ಲಿ ಬಡಿತ ಶುರುವಾಗುವ ವೇಗವೆಂದು ಕೊಟ್ಟಿದ್ದೆಲ್ಲ ಹದಿಮೂರರ ಲೆಕ್ಕ.

ಫಿಟ್ಟರ್ ಮುಖ ಸಪ್ಪಗಾಯಿತು. “ತಪ್ಪು ನಂದು ಅಂತ ಬರೀರಿ. ನನ್ನ ಯಾರು ಏನು ಮಾಡ್ತಾರೆ?”

“ಆರು ವರ್ಷ, ನೀವು ಹೇಗೆ ಅಳೀತೀರಿ ಅಂತ ನಾನು ಒಂದಿನಾನೂ ಕೇಳ್ಲಿಲ್ಲವಲ್ಲ, ಅದು ಯಾರ ತಪ್ಪು?”

ವಿಭಾಗದ ಮುಖ್ಯಸ್ಥರು ಹಿತ ಬಯಸಿಯೇ ಹೇಳಿದರು: “ಸೋಮವಾರ ಸಂದರ್ಶನ. ಮಂಗಳವಾರ ಬರೆದ್ರೆ ಆಕಾಶ ಬೀಳತ್ತೇನಮ್ಮ?”

“ಬೀಳಲ್ಲ ಸರ್. ಆದ್ರೆ ಸೋಮವಾರ ಅವರು ಕೇಳೋದು ಆ ಲೇಖನದ ಬಗ್ಗೇನೇ.”

ಲೇಖನ ಹಿಂತೆಗೆದುಕೊಳ್ಳುವ ಪತ್ರ ಅಂದೇ ಹೋಯಿತು. ಅದರಲ್ಲಿ ಫಿಟ್ಟರ್ ಸುದ್ದಿಯೇ ಇರಲಿಲ್ಲ. ‘ನನ್ನ ಅಳತೆಯ ಕ್ರಮದಲ್ಲಿ ದೋಷವಿದೆ’ ಎಂದಷ್ಟೇ ಇತ್ತು. ಹುದ್ದೆ ಬೇರೆಯವರಿಗೆ ಹೋಯಿತು.

ಮರುವಾರದಿಂದ ನೋಟ್‌ಬುಕ್ಕಿನಲ್ಲಿ ‘ಏರು’, ‘ಇಳಿ’ ಎಂದು ಎರಡು ಸಾಲು ಎಳೆದರು. ಒಬ್ಬರ ಕಣ್ಣು ತಗಡಿನ ಮೇಲೆ, ಇನ್ನೊಬ್ಬರದು ಮೀಟರಿನ ಮೇಲೆ. ನಾಲ್ಕು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ತಗಡು ನಿಲ್ಲಿಸಿ, ಆ ಎರಡು ವೇಗಗಳ ನಡುವಿನ ಅಂತರ ತಗಡಿನ ದಪ್ಪ, ಉದ್ದಗಳೊಂದಿಗೆ ಹೇಗೆ ಬದಲಾಗುತ್ತದೆಂದು ಪಟ್ಟಿ ಮಾಡಿದರು. ಒಮ್ಮೆ ಬಡಿತ ಹತ್ತಿದ ತಗಡನ್ನು ಸುಮ್ಮನಾಗಿಸಲು ವೇಗವನ್ನು ಎಷ್ಟು ಇಳಿಸಬೇಕೆಂದು ತಿಳಿಯಬೇಕಾದವರು ಹುಡುಕಿಕೊಂಡು ಬರುವುದು ಆ ಪಟ್ಟಿಯನ್ನೇ. ಪ್ರಾಧ್ಯಾಪಕ ಹುದ್ದೆ ಅದಾದ ಮೇಲೆ ಬಂತು.

ಬೀಳ್ಕೊಡುಗೆಯ ಚಹಾ ಕುಡಿಯುವಾಗ, ನಿವೃತ್ತಿಯಾಗಿ ವರ್ಷಗಳಾಗಿದ್ದ ಫಿಟ್ಟರ್, ಇಷ್ಟು ಕಾಲ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟರು: “ಮೇಡಂ, ನನ್ನಿಂದ ನಿಮ್ಮ ನಾಲ್ಕು ವರ್ಷ ಹೋಯ್ತಲ್ಲ?”

“ಎಲ್ಲಿ ಹೋಯ್ತು? ಪ್ರೊಫೆಸರ್ ಅಲ್ಲ ಅಂತ ಆ ನಾಲ್ಕು ವರ್ಷ ನನ್ನ ಯಾರೂ ಮೀಟಿಂಗಿಗೆ ಕರೀಲಿಲ್ಲ ಅಣ್ಣ. ಆಮೇಲೆ ಅಷ್ಟು ಕೆಲಸ ಯಾವತ್ತು ಆಯ್ತು ಹೇಳಿ?”

ಎರಡು ತಗಡುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಯಾವುದು ಮೊದಲು ಬಡಿಯುತ್ತದೆ ಎಂಬ ಕೆಲಸ ಇನ್ನೂ ಅರ್ಧದಲ್ಲಿದೆ. ಸುರಂಗದ ಕೋಣೆಯಲ್ಲಿ ಅವರ ಮೇಜೂ ಹಾಗೇ ಇದೆ. ಮೇಡಂ ನೂರು ಕಾಲ ಬಾಳಲಿ, ಕಣ್ಣು ಕೈ ಗಟ್ಟಿಯಾಗಿರಲಿ. ಇನ್ನು ಮುಂದೆ ಯಾರೂ ಅವರನ್ನು ಯಾವ ಮೀಟಿಂಗಿಗೂ ಕರೆಯದಿರಲಿ.