ಅಕ್ಕನ ಲೀಕ್ ವಾಲ್ವು ಮತ್ತು ಮದುವೆ ಸೀಸನ್

ಹೋದ ಭಾನುವಾರ ಬನಶಂಕರಿಯ ಛತ್ರವೊಂದರಲ್ಲಿ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ, ನಮ್ಮಕ್ಕನಿಗೆ ಉಸಿರಾಡಲು ಆಗದೇ ಹೋಯಿತು. ಎಲೆಯ ಮುಂದಿನಿಂದ ಎಬ್ಬಿಸಿ, ಆಟೋ ಹತ್ತಿಸಿ, ಜಯನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಆಕ್ಸಿಜನ್ ಮಾಸ್ಕಿನೊಳಗಿನಿಂದ ಅವಳು ಕೇಳಿದ ಮೊದಲ ಪ್ರಶ್ನೆ: "ತಾಂಬೂಲ ಇಸ್ಕೊಂಡ್ರಾ?"

ಅಕ್ಕನ ಹೃದಯದ ಒಂದು ವಾಲ್ವ್ ಲೀಕು. ಮುಂದಕ್ಕೆ ಹೋಗಬೇಕಾದ ರಕ್ತ ಸ್ವಲ್ಪ ಹಿಂದಕ್ಕೆ ಬರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದಕ್ಕೆಂದು ಕೊಟ್ಟ ಮಾತ್ರೆಗಳಲ್ಲಿ ಒಂದು ಮೈಯ ನೀರಿಳಿಸುವಂಥದ್ದು. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದವರೆಗೂ ಬಾತ್‌ರೂಮಿಗೆ ಓಡಾಟ. (ಇದನ್ನು ನೆನಪಿಡಿ. ನಮ್ಮ ಮನೆಯಲ್ಲಿ ಯಾರೂ ನೆನಪಿಡಲಿಲ್ಲ.)

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂಡಲೇ ತಜ್ಞರ ಸಮಿತಿ ಸೇರಿತು. ಅಧ್ಯಕ್ಷರು ನಮ್ಮ ಭಾವ. ಸದಸ್ಯರು, ಅವರ ಜೊತೆ ದಿನಾ ಯಡಿಯೂರು ಕೆರೆ ಸುತ್ತುವ ರಾಯರು. ರಾಯರಿಗೆ ಎಂದೋ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ಅವರೂ ಹಾರ್ಟ್ ಸ್ಪೆಷಲಿಸ್ಟೇ.

"ಮಾತ್ರೆಯೆಲ್ಲಾ ಹಳೇ ಕಾಲದ್ದು ಸಾರ್," ಎಂದರು ರಾಯರು. "ನಂಗೆ ತೊಡೆಯಿಂದ ವೈರ್ ತೂರಿಸಿ ಮಾಡಿದ್ರು. ವಾರದೊಳಗೆ ವಾಕಿಂಗ್!"

ಅವರದು ಕಟ್ಟಿಕೊಂಡ ರಕ್ತನಾಳ, ಅಕ್ಕನದು ಸೋರುವ ವಾಲ್ವ್. ಕಟ್ಟಿಕೊಂಡ ಸಿಂಕಿಗೂ ಸೋರುವ ನಲ್ಲಿಗೂ ಒಂದೇ ರಿಪೇರಿಯೇ? ಯಾರು ಕೇಳಬೇಕು! ಭಾವನ ಜೇಬಿನಲ್ಲಂತೂ ಬಿಟಿಎಂ ಲೇಔಟಿನ ಬ್ರೌಸಿಂಗ್ ಸೆಂಟರಿನಿಂದ ತಂದ ಪ್ರಿಂಟ್‌ಔಟ್ ರೆಡಿ ಇತ್ತು. ಫಾರಿನ್ನಿನಲ್ಲಿ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ನಳಿಕೆ ಕಳಿಸಿ, ಸೋರುವ ವಾಲ್ವಿಗೆ ಕ್ಲಿಪ್ ಹಾಕುತ್ತಾರಂತೆ. ಒಣಹಾಕಿದ ಬಟ್ಟೆಗೆ ಕ್ಲಿಪ್ ಹಾಕಿದಷ್ಟೇ ಸಲೀಸು ಎನ್ನುವಂತಿತ್ತು ಭಾವನ ಮುಖ.

ಡಾಕ್ಟರಮ್ಮ ತಾಳ್ಮೆಯಿಂದ ಅದನ್ನು ಓದಿದರು. "ಇದಿನ್ನೂ ಹೊಸದು ಸಾರ್. ಅಲ್ಲೂ ಕೆಲವರಿಗೆ ಮಾತ್ರ ಮಾಡ್ತಿದ್ದಾರೆ, ಎಲ್ಲಾ ವಾಲ್ವಿಗೂ ಒಗ್ಗಲ್ಲ. ಮಾತ್ರೆ ಲೀಕ್ ಮುಚ್ಚಲ್ಲ, ನಿಜ. ಆದ್ರೆ ನೀರು ತುಂಬೋದನ್ನ ತಡೆಯುತ್ತೆ. ಅದನ್ನ ಸರಿಯಾಗಿ ತಗೊಂಡೂ ಸುಸ್ತಾದ್ರೆ ಆಗ ರಿಪೇರಿ ಮಾತು." ಅಕ್ಕನ ಕಡೆ ತಿರುಗಿದರು. "ಅಮ್ಮಾ, ಮಾತ್ರೆ ದಿನಾ ತಗೋತೀರಾ?"

"ದಿನಾ ತಗೋತೀನಿ. ಮದುವೆ, ಮುಂಜಿ ಇದ್ದ ದಿನ ಮಾತ್ರ ಇಲ್ಲ."

"ಯಾಕೆ?"

"ರೇಷ್ಮೆ ಸೀರೆ ಉಟ್ಕೊಂಡು ಎಷ್ಟ್ ಸಲ ಮಹಡಿ ಹತ್ತಲಿ ಡಾಕ್ಟ್ರೇ? ಛತ್ರದಲ್ಲಿ ಬಾತ್‌ರೂಮ್ ಇರೋದೇ ಮೇಲೆ."

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಈ ತಿಂಗಳು ನಮ್ಮ ಬಳಗದಲ್ಲಿ ಮದುವೆಗಳ ಮೇಲೆ ಮದುವೆ. ಅಷ್ಟು ದಿನವೂ ಇವಳು ಮಾತ್ರೆ ಬಿಟ್ಟು, ಸಾಲದ್ದಕ್ಕೆ ಮೈಯಲ್ಲಿ ನೀರು ನಿಲ್ಲಿಸುವ ಉಪ್ಪಿನ ಉಪ್ಪಿನಕಾಯಿ ಹಪ್ಪಳ ತಿಂದು ಬಂದಿದ್ದಾಳೆ!

ಭಾವನಿಗೆ ಸಿಟ್ಟು. "ಇಷ್ಟು ವಿಷಯ ನಂಗೆ ಹೇಳ್ಬಾರ್ದಾ?"

"ನೀವು ಕೇಳಿದ್ರಾ? ಕಂಪ್ಯೂಟರ್‌ನ ಕೇಳಿದ್ರಿ."

ರಾಯರಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಮನೆಗೆ ಬಂದ ದಿನವೇ ಅಕ್ಕ ಕ್ಯಾಲೆಂಡರ್ ನೋಡಿದಳು. ಮುಂದಿನ ವಾರ ಅದೇ ಛತ್ರದಲ್ಲಿ ಅವಳ ಗೆಳತಿಯ ಮಗಳ ಮದುವೆ. ಬೇಡ ಎಂದೆ. "ಹೋಗ್ದಿದ್ರೆ ಅವಳೇನಂದ್ಕೋತಾಳೋ?" ಎಂದಳು. ಉಸಿರು ಹೋದರೂ ಚಿಂತೆಯಿಲ್ಲ, ಮಾತು ಬರಬಾರದು ನೋಡಿ! ಸರಿ, ಮಾತ್ರೆ ನುಂಗಿಯೇ ಹೋಗು, ಬಾತ್‌ರೂಮಿನ ವಿಷಯ ನಾನು ನೋಡಿಕೊಳ್ಳುತ್ತೇನೆ ಎಂದು ಅವಳಿಗೆ ಹೇಳಿ, ಛತ್ರದ ಮ್ಯಾನೇಜರರ ಮುಂದೆ ನಿಂತೆ.

"ಕೆಳಗಡೆ ಲೇಡೀಸ್ ಟಾಯ್ಲೆಟ್ ಇಲ್ವಾ ಸಾರ್?"

"ಯಾಕಿಲ್ಲ ಸಾರ್, ಇದೆ. ಅದ್ರಲ್ಲಿ ಎಕ್ಸ್‌ಟ್ರಾ ಛೇರ್ ತುಂಬಿದೀವಿ. ಬಂದೋರು ಕೂತ್ಕೋಬೇಕಲ್ವಾ? ಮೂರನೇ ಮಹಡೀಲಿ ಫಸ್ಟ್ ಕ್ಲಾಸಾಗಿದೆ, ಅಲ್ಲಿಗೆ ಕಳ್ಸಿ."

"ಲಿಫ್ಟು?"

"ಮೆಟ್ಟಿಲು ಹತ್ತಿದ್ರೆ ಹಾರ್ಟಿಗೆ ಒಳ್ಳೇದು ಸಾರ್."

ತೊಡೆಯಿಂದ ಹೊರಟು ಹೃದಯದ ಬಾಗಿಲು ತಲುಪುವ ದಾರಿಯನ್ನು ಜಗತ್ತು ಕಂಡುಹಿಡಿದಾಯಿತು. ಬನಶಂಕರಿಯ ಛತ್ರದಲ್ಲಿ ಊಟದ ಎಲೆಯಿಂದ ಬಾತ್‌ರೂಮಿಗೆ ದಾರಿ ಮಾಡಿಕೊಡಲು ಯಾವ ದೇಶದ ಡಾಕ್ಟರು ಬರಬೇಕು?