ಮರುಳಸಿದ್ದಕ್ಕನ ಕರಡಿಗೆ

ಮರುಳಸಿದ್ದಮ್ಮನಷ್ಟು ಹಟಮಾರಿ ಹೆಂಗಸನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ. ಈ ಮಾತನ್ನು ಅವಳ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಹೊಳಲ್ಕೆರೆಯ ಸರ್ಕಾರಿ ಶಾಲೆಯಲ್ಲಿ ಅವಳು ಗಣಿತ ಕಲಿಸುತ್ತಿದ್ದಳು, ನಾನು ಇಂಗ್ಲಿಷ್. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಒಂದೇ ಬೆಂಚು, ಮಧ್ಯಾಹ್ನ ಒಂದೇ ಉಪ್ಪಿನಕಾಯಿ ಡಬ್ಬಿ. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ನನಗೆ ಅವಳು ಮರುಳಸಿದ್ದಕ್ಕ. ನನ್ನನ್ನು ಅವಳು ಶಾಹಿಸ್ತಾ ಅಂತ ಹೆಸರು ಹಿಡಿದು ಕರೆದದ್ದು ಕಡಿಮೆ. ‘ಲೇ’ ಅಂದರೆ ಅದು ನಾನೇ ಅಂತ ಇಡೀ ಶಾಲೆಗೆ ಗೊತ್ತಿತ್ತು.

ಅವಳು ಭರಮಸಾಗರದ ಕಡೆಯವಳು, ಲಿಂಗಾಯತರ ಮನೆಯ ಹೆಣ್ಣುಮಗಳು. ತೊಟ್ಟಿಲಲ್ಲಿದ್ದಾಗ ಅಯ್ಯನೋರು ಬಂದು ಕಟ್ಟಿದ ಇಷ್ಟಲಿಂಗ ಬೆಳ್ಳಿಯ ಕರಡಿಗೆಯೊಳಗೆ ಕೂತು, ಶಿವದಾರದಲ್ಲಿ ಅವಳ ಎದೆಯ ಮೇಲೆ ಸದಾ ಇರುತ್ತಿತ್ತು. ಈಗಿನ ಕಾಲದಲ್ಲಿ ಅವರಲ್ಲೇ ಎಷ್ಟೋ ಜನ ಅದನ್ನು ದೇವರ ಮನೆಯಲ್ಲಿ ಇಟ್ಟು ಓಡಾಡುತ್ತಾರೆ. ಇವಳು ಬೆಳಿಗ್ಗೆ ಅದನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಹನಿ ನೀರು ಹಾಕುವವಳಲ್ಲ. ಲಿಂಗ ಮೈಬಿಟ್ಟು ಹೋದರೆ ಪ್ರಾಣ ಹೋದಂತೆ ಅಂತ ಅವಳ ಅಜ್ಜಿ ಹೇಳಿಕೊಟ್ಟಿದ್ದಳಂತೆ. ಅಜ್ಜಿಯ ಮಾತನ್ನು ಇವಳು ಎರಡೆರಡ್ಲೆ ನಾಲ್ಕು ಅನ್ನುವಷ್ಟು ಖಂಡಿತವಾಗಿ ನಂಬಿದ್ದಳು.

ಒಮ್ಮೆ ಇಬ್ಬರಿಗೂ ಜವನಗೊಂಡನಹಳ್ಳಿಯಲ್ಲಿ ಎಲೆಕ್ಷನ್ ಡ್ಯೂಟಿ ಬಿತ್ತು. ಮುಂಜಾನೆ ಏಜೆಂಟರೆಲ್ಲ ಬಂದು ನಿಂತಿದ್ದಾರೆ, ಯಂತ್ರಕ್ಕೆ ಸೀಲು ಹಾಕಬೇಕು, ಪ್ರಿಸೈಡಿಂಗ್ ಆಫೀಸರು ಕೂಗಾಡುತ್ತಿದ್ದಾರೆ. ಇವಳು ಶಾಲೆಯ ಹಿಂದೆ ಒಂದು ತಗಡಿನ ಮರೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾಳೆ. ನಾನು ಹೋಗಿ ಭುಜ ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ಪೂಜೆ ಮುಗಿಸಿ ಬಂದು ಆ ಪುಣ್ಯಾತ್ಮನಿಗೆ, ‘ಕೂಗ್ಬ್ಯಾಡ್ರಿ ಸಾರ್, ಗಂಟಲು ಕೆಡ್ತೈತೆ’ ಅಂದಳು.

ಇನ್ನೊಮ್ಮೆ ಪಿತ್ತಕೋಶದ ಕಲ್ಲಿಗೆ ಚಿತ್ರದುರ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಬಳೆ, ಓಲೆ, ತಾಳಿ ಎಲ್ಲ ಬಿಚ್ಚಿ ಕೊಟ್ಟಳು. ಕರಡಿಗೆಗೆ ಕೈ ಹಾಕಿದ ನರ್ಸಿಗೆ ಮಾತ್ರ, ‘ಇದನ್ನ ತಗದ್ರೆ ನೀವು ಕೊಯ್ಯೋದು ಹೆಣಾನ ಕಣಮ್ಮ’ ಅಂದುಬಿಟ್ಟಳು. ಕೊನೆಗೆ ಡಾಕ್ಟರೇ ಸೋತು, ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟು ಬ್ಯಾಂಡೇಜ್ ಸುತ್ತಿ ಒಳಗೆ ಕರೆದುಕೊಂಡು ಹೋದರು. ಹೊರಗೆ ಕೂತಿದ್ದ ನಾನು ಡಾಕ್ಟರ ಕಷ್ಟಕ್ಕೆ ಮರುಗಿದೆ.

ಇಂಥವಳನ್ನು ಕಟ್ಟಿಕೊಂಡು ನಾನು ಯುರೋಪಿಗೆ ಹೊರಟೆ. ಹೋದ ವರ್ಷ ದಸರಾ ಮುಗಿದ ಮೇಲೆ ನಿವೃತ್ತ ಮೇಷ್ಟ್ರುಗಳ ಒಂದು ಗುಂಪು, ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್. ಮುಂದಾಳು ಹೊಸದುರ್ಗದ ಹಾಲಸ್ವಾಮಿ ಸರ್, ರಿಟೈರ್ಡ್ ಹೆಡ್ ಮಾಸ್ಟರು. ಅವರೂ ಲಿಂಗ ಕಟ್ಟಿದವರೇ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಮ್ಮ ಕರಡಿಗೆಯನ್ನು ಬಿಚ್ಚಿ ಕೈಚೀಲಕ್ಕೆ ಹಾಕಿ, ‘ಮರುಳಸಿದ್ದಮ್ಮಾರೆ, ನೀವೂ ಬ್ಯಾಗಿಗೆ ಹಾಕ್ಕಳ್ರಿ. ಫಾರಿನ್ನಿನಾಗೆ ರಗಳೆ ಮಾಡ್ತಾರೆ’ ಅಂದರು. ಇವಳು ಅವರನ್ನೇ ದಿಟ್ಟಿಸಿ ನೋಡಿ ಮುಂದೆ ನಡೆದಳು. ಅಲ್ಲಿನ ತಪಾಸಣೆಯ ಹುಡುಗಿ ಕರಡಿಗೆ ಮುಟ್ಟಿ, ‘ಲಿಂಗ ಏನಮ್ಮ? ಹೋಗ್ರಿ’ ಅಂದಳು. ಅಷ್ಟೇ. ಮರುಳಸಿದ್ದಕ್ಕ ಹಿಂತಿರುಗಿ ಹಾಲಸ್ವಾಮಿ ಸರ್ ಕಡೆ ನೋಡಿದ ನೋಟ ನೋಡಬೇಕಿತ್ತು.

ಅದಕ್ಕೂ ಸ್ವಲ್ಪ ಮುಂಚೆ ಅವಳ ಕೈಚೀಲದ ಜಿಪ್ಪು ಹಾಕಲು ಬರದೆ, ಒಳಗಿದ್ದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಚೀಲಕ್ಕೆ ತುರುಕಿದ್ದಳು. ಅದರಲ್ಲಿ ಅವಳ ವಿಭೂತಿ ಗಟ್ಟಿಗಳು, ಬೆಳ್ಳಗೆ, ಪೇಡೆಯಷ್ಟು ದಪ್ಪಕ್ಕೆ. ನಮ್ಮಲ್ಲಿ ಇದು ಒಂದು ವಿಷಯವೇ ಅಲ್ಲ. ಬಸ್ಸಿನಲ್ಲಿ ಗುರುತಿಲ್ಲದವರ ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ಹಿರಿಯೂರಿನ ತನಕ ಹೋಗುವ ಜನ ನಾವು. ಬೇರೆಯವರು ಕೊಟ್ಟ ಸಾಮಾನು ಏನಾದರೂ ಇದೆಯೇ ಅಂತ ಕೌಂಟರಿನಲ್ಲಿ ಕೇಳಿದಾಗ ಇಲ್ಲ ಅಂದೆ. ಮರುಳಸಿದ್ದಕ್ಕ ಬೇರೆಯವಳು ಅಂತ ನನಗೆ ಹೊಳೆಯಲೇ ಇಲ್ಲ.

ಯುರೋಪಿನಲ್ಲಿ ನಾವು ಮೊದಲು ಕಾಲಿಟ್ಟದ್ದು ವಿಮಾನ ಬದಲಿಸುವ ಒಂದು ದೊಡ್ಡ ನಿಲ್ದಾಣದಲ್ಲಿ. ಅಲ್ಲಿ ಮತ್ತೆ ತಪಾಸಣೆ. ಪ್ಯಾರಿಸ್ಸಿನ ವಿಮಾನಕ್ಕೆ ಹೆಚ್ಚು ಹೊತ್ತಿರಲಿಲ್ಲ. ನಮ್ಮವರೆಲ್ಲ ಬೆಲ್ಟು, ಬೂಟು ಬಿಚ್ಚಿ ಟ್ರೇಗೆ ಹಾಕಿ ಒಬ್ಬೊಬ್ಬರಾಗಿ ಆ ಕಡೆ ದಾಟಿ ಗೇಟು ಹುಡುಕಿಕೊಂಡು ಹೋದರು. ಕೊನೆಗೆ ಉಳಿದವರು ನಾವಿಬ್ಬರು.

ಅಲ್ಲಿದ್ದ ಅಧಿಕಾರಿ ಎತ್ತರದ ಹೆಂಗಸು, ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ನನ್ನ ತಲೆ ಮೇಲಿನ ದುಪಟ್ಟಾ ತೋರಿಸಿ ತೆಗೆಯಲು ಹೇಳಿದಳು. ನಾನು ತಕ್ಷಣ ತೆಗೆದೆ. ಏನು ಹೇಳಿದರೂ ಹೂಂ ಅನ್ನು, ನಿನ್ನ ಹೆಸರಿಟ್ಟುಕೊಂಡು ಅಲ್ಲಿ ವಾದ ಮಾಡಬೇಡ ಅಂತ ನನ್ನ ಮಗಳು ಶಿಫಾ ಹೊರಡುವ ಮುಂಚೆ ಪಾಠ ಮಾಡಿದ್ದಳು. ಗಂಡಸರೆಲ್ಲ ಓಡಾಡುವ ಆ ಜಾಗದಲ್ಲಿ ಬರಿದಲೆಯಲ್ಲಿ ನಿಂತಿದ್ದು ನನಗೆ ಹಿಂಸೆಯಾಯಿತು. ಆದರೂ ನಿಂತೆ.

ಆಮೇಲೆ ಅವಳು ಮರುಳಸಿದ್ದಕ್ಕನ ಎದೆಯ ಮೇಲಿನ ಕರಡಿಗೆ ತೋರಿಸಿ, ಟ್ರೇಗೆ ಹಾಕು ಅಂದಳು. ನಾನು ಕನ್ನಡದಲ್ಲಿ ಹೇಳಿದೆ.

‘ಆಗಲ್ಲ ಅನ್ನು’ ಅಂದಳು ಮರುಳಸಿದ್ದಕ್ಕ.

ಇದು ದೇವರು, ಮೈಮೇಲಿಂದ ತೆಗೆಯುವ ಹಾಗಿಲ್ಲ, ಕೈಯಿಂದಲೇ ಪರೀಕ್ಷೆ ಮಾಡಿ ಅಂತ ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಅಧಿಕಾರಿ ಒರಟಾಗಿಯೇನೂ ಮಾತಾಡಲಿಲ್ಲ. ಒಳಗೆ ಏನಿದೆ ಅಂತ ಕಾಣಬೇಕು, ಮೆಷಿನ್ನಿನಲ್ಲಿ ಹೋಗಲೇಬೇಕು, ಯಾರಿಗೂ ವಿನಾಯಿತಿ ಇಲ್ಲ ಅಂದಳು.

‘ಹಂಗಾದ್ರೆ ನಾನೂ ಟ್ರೇನಾಗೆ ಕುಂತ್ಕಂತೀನಿ, ಇಬ್ರನ್ನೂ ಒಟ್ಟಿಗೆ ಕಳ್ಸು ಅಂತ ಹೇಳು.’

ಬೇರೆ ಹೊತ್ತಾಗಿದ್ದರೆ ನಕ್ಕಿರುತ್ತಿದ್ದೆ. ಆಗ ನನಗೆ ಮೈಯೆಲ್ಲ ಉರಿಯಿತು. ‘ಅಕ್ಕಾ, ನಾನು ತಗೀಲಿಲ್ವಾ? ಒಂದು ಗಳಿಗೆ. ಆ ಕಡೆ ಹೋಗಿ ಈ ಕಡೆ ಬರ್ತೈತೆ. ಹಾಲಸ್ವಾಮಿ ಸರ್ ತಗೀಲಿಲ್ವಾ?’

‘ಅವ್ರ ಪ್ರಾಣ ಅವ್ರದು, ನನ್ನ ಪ್ರಾಣ ನಂದು’ ಅಂದಳು. ಎರಡೂ ಕೈಯಲ್ಲಿ ಕರಡಿಗೆ ಮುಚ್ಚಿ ಹಿಡಿದಿದ್ದಳು. ‘ನೀನು ಹೋಗು. ನನ್ನನ್ನ ಊರಿಗೆ ವಾಪಸ್ ಕಳಿಸ್ತಾರಾ? ಕಳಿಸ್ಲಿ.’

ಬಿಟ್ಟು ಹೋಗಿಬಿಡಬೇಕು ಅನ್ನಿಸಿತು, ನಿಜ. ಅಷ್ಟರಲ್ಲಿ ಸಾಮಾನು ಸಾಗುವ ಬೆಲ್ಟಿನ ಆ ತುದಿಯಲ್ಲಿ ಒಬ್ಬ ಗಂಡಸು ನನ್ನ ಚೀಲ ಎತ್ತಿ ಹಿಡಿದು, ಇದು ಯಾರದು ಅಂತ ಕೇಳಿದ. ನನ್ನದು ಅಂದೆ. ಅವನು ಒಳಗೆ ಕೈ ಹಾಕಿ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಬಿಳಿ ಗಟ್ಟಿಗಳು. ಬೆರಳಿಗೆ ಬಿಳಿ ಪುಡಿ ಅಂಟಿತು.

ಇದೇನು ಅಂದ. ಬೂದಿ, ಪೂಜೆಯ ಬೂದಿ ಅಂದೆ. ನಿನ್ನದಾ ಅಂದ. ಅಲ್ಲ, ಇವಳದು, ಇಡಲು ಕೊಟ್ಟಳು ಅಂದೆ.

ಸತ್ಯವನ್ನೇ ಹೇಳಿದ್ದೆ. ಹೇಳಿದ ಕೂಡಲೇ ಅವನ ಮುಖ ಬದಲಾಯಿತು. ಬೇರೆಯವರು ಕೊಟ್ಟದ್ದನ್ನು ತಂದಿದ್ದೀಯಾ ಅಂತ ಕೇಳಿ, ಎತ್ತರದ ಹೆಂಗಸಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ಅವಳು ನನ್ನ ಪಾಸ್‌ಪೋರ್ಟ್ ಕೇಳಿದಳು. ಕೊಟ್ಟೆ. ಹೆಸರು ಓದಿದಳು, ನನ್ನ ಮುಖ ನೋಡಿದಳು, ಮರುಳಸಿದ್ದಕ್ಕನ ಕರಡಿಗೆ ನೋಡಿದಳು. ಪಾಸ್‌ಪೋರ್ಟನ್ನು ತನ್ನ ಜೇಬಿಗೆ ಇಳಿಸಿದಳು. ಗೋಡೆಯ ಪಕ್ಕ ಬಂದೂಕು ಹಿಡಿದು ನಿಂತಿದ್ದ ಪೊಲೀಸರಲ್ಲಿ ಒಬ್ಬ ನಮ್ಮ ಕಡೆ ನಡೆದು ಬಂದ.

ಡಬ್ಬಿ ಮತ್ತು ಆ ಬೆಳ್ಳಿಯದು ಎರಡನ್ನೂ ನೋಡುವ ತನಕ ಇಬ್ಬರೂ ಹೋಗುವಂತಿಲ್ಲ ಅಂತ ಅವಳು ಹೇಳಿದಳು. ನನ್ನನ್ನು ಪಕ್ಕದ ಗಾಜಿನ ಕೋಣೆಗೆ ಹೋಗಲು ಹೇಳಿದಳು. ಇದನ್ನು ನಾನು ಮರುಳಸಿದ್ದಕ್ಕನಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಹೇಳದೆ ಆ ಗಾಜಿನ ಕೋಣೆಯನ್ನೇ ನೋಡುತ್ತ ನಿಂತೆ. ಜೀವನವಿಡೀ ಮಕ್ಕಳಿಗೆ ಬೆತ್ತ ತೋರಿಸಿದವಳು ನಾನು. ತಲೆಗೆ ದುಪಟ್ಟಾ ಎಳೆದುಕೊಳ್ಳಲು ಹೋದರೆ ಪೊಲೀಸಿನವನು ಕೈ ಕೆಳಗಿಡು ಅಂತ ಸನ್ನೆ ಮಾಡಿದ.

ಮರುಳಸಿದ್ದಕ್ಕ ಅದನ್ನು ನೋಡಿದಳು.

ಯಾರೂ ಮತ್ತೆ ಕೇಳದೆಯೇ ಶಿವದಾರವನ್ನು ತಲೆಯ ಮೇಲಿಂದ ತೆಗೆದಳು. ಕರಡಿಗೆಯನ್ನು ಒಂದು ಸಲ ಕಣ್ಣಿಗೆ ಒತ್ತಿಕೊಂಡಳು. ಬೂಟು ಚಪ್ಪಲಿ ಇಟ್ಟು ಇಟ್ಟು ಮಾಸಿದ ಆ ಪ್ಲಾಸ್ಟಿಕ್ ಟ್ರೇಯಲ್ಲಿ ಸೆರಗಿನ ತುದಿಯಿಂದ ಒಂದು ಜಾಗ ಒರೆಸಿ, ಅದನ್ನು ಅಲ್ಲಿ ಇಟ್ಟಳು. ‘ತಗಂಡ್ ಹೋಗ್ರಿ, ಅವಳನ್ನ ಬಿಡ್ರಿ’ ಅಂತ ಕನ್ನಡದಲ್ಲೇ ಹೇಳಿದಳು.

ಟ್ರೇ ಮೆಷಿನ್ನಿನ ಕಪ್ಪು ರಬ್ಬರ್ ಪಟ್ಟಿಗಳ ಆಚೆ ಹೋಯಿತು. ಬೆಲ್ಟು ನಿಂತಿತು. ಪರದೆಯ ಮುಂದೆ ಕೂತಿದ್ದವನು ಬಗ್ಗಿ ನೋಡಿದ, ಇನ್ನೊಬ್ಬನನ್ನು ಕರೆದ, ಇಬ್ಬರೂ ನೋಡಿದರು. ಬೆಲ್ಟು ಹಿಂದೆ ಬಂತು, ಮತ್ತೆ ಮುಂದೆ ಹೋಯಿತು, ಮತ್ತೆ ನಿಂತಿತು. ನಾನು ಮರುಳಸಿದ್ದಕ್ಕನ ಕಡೆ ತಿರುಗಿದೆ. ಎಡ ಅಂಗೈಯನ್ನು ಎದೆಯ ಮುಂದೆ ತೆರೆದು ಹಿಡಿದಿದ್ದಳು. ಕಣ್ಣು ಮುಚ್ಚಿತ್ತು. ಮುಖ ಕೆಂಪಗಾಗುತ್ತಿತ್ತು. ಅವಳು ಉಸಿರಾಡುತ್ತಿಲ್ಲ ಅಂತ ನನಗೆ ತಿಳಿದದ್ದು ಆಗ.

‘ಅಕ್ಕಾ, ಉಸಿರು ಬಿಡು’ ಅಂದೆ. ಬಿಡಲಿಲ್ಲ. ‘ಬರ್ತೈತೆ ಅಕ್ಕಾ, ಉಸಿರು ಬಿಡು.’ ಅವಳ ತುಟಿ ಕಪ್ಪಾಗುತ್ತಿತ್ತು. ನಾನು ಪೊಲೀಸನನ್ನೂ ಲೆಕ್ಕಿಸದೆ ಹೋಗಿ ಅವಳ ಬೆನ್ನಿಗೆ ಜೋರಾಗಿ ಗುದ್ದಿದೆ. ಬಾಯಿ ತೆರೆದು ಒಮ್ಮೆಲೇ ಗಾಳಿ ಎಳೆದುಕೊಂಡಳು, ನೀರಿನಲ್ಲಿ ಮುಳುಗಿ ಎದ್ದವರ ಹಾಗೆ. ಕರಡಿಗೆ ಇನ್ನೂ ಒಳಗೇ ಇತ್ತು.

ಆಮೇಲೆ ಎಲ್ಲ ಸಲೀಸಾಗಿ ಮುಗಿಯಿತು. ಟ್ರೇ ಹೊರಬಂತು. ಅಧಿಕಾರಿ ವಿಭೂತಿಗೂ ಕರಡಿಗೆಗೂ ಒಂದು ಕಾಗದದ ಪಟ್ಟಿ ಸವರಿ ಯಾವುದೋ ಪೆಟ್ಟಿಗೆಯಲ್ಲಿ ಇಟ್ಟು ನೋಡಿದಳು. ಏನೂ ಇಲ್ಲ. ಪಾಸ್‌ಪೋರ್ಟ್ ವಾಪಸ್ ಕೊಟ್ಟು, ಕಾಯಿಸಿದ್ದಕ್ಕೆ ಕ್ಷಮಿಸಿ, ಪ್ರವಾಸ ಚೆನ್ನಾಗಿರಲಿ ಅಂತ ನಕ್ಕಳು. ನಾವು ಓಡಿದೆವು. ಗೇಟಿನಲ್ಲಿ ಕಾಯುತ್ತಿದ್ದ ಹಾಲಸ್ವಾಮಿ ಸರ್, ‘ನಾನು ಮೊದ್ಲೇ ಹೇಳಲಿಲ್ವಾ’ ಅಂದರು. ಬೆಂಗಳೂರಿನಲ್ಲಿ ಅವರನ್ನು ದಿಟ್ಟಿಸಿ ನೋಡಿದ್ದ ಮರುಳಸಿದ್ದಕ್ಕ ಈಗ ತಲೆ ತಗ್ಗಿಸಿ ವಿಮಾನ ಹತ್ತಿದಳು.

ಪ್ರವಾಸದುದ್ದಕ್ಕೂ ಹಾಗೇ ಇದ್ದಳು. ಪ್ಯಾರಿಸ್ಸಿನಲ್ಲಿ ಎಲ್ಲರೂ ದೋಣಿಯಲ್ಲಿ ಕೂತು ಎರಡೂ ದಂಡೆಯ ದೀಪ ನೋಡಿದರೆ ಅವಳು ನೀರು ನೋಡುತ್ತಿದ್ದಳು. ಸ್ವಿಟ್ಜರ್ಲೆಂಡಿನ ಬೆಟ್ಟದ ತುದಿಯಲ್ಲಿ ನಾವು ಹುಡುಗರ ಹಾಗೆ ಹಿಮ ಎರಚಾಡಿದೆವು, ಅವಳು ಬೆಂಚಿನ ಮೇಲೆ ನಮ್ಮೆಲ್ಲರ ಚೀಲ ಕಾದಳು. ರೋಮಿನಲ್ಲಿ ಮುರಿದು ಬಿದ್ದ ಕಂಬಗಳ ನಡುವೆ ಗೈಡು ಸಾವಿರಾರು ವರ್ಷದ ಕಥೆ ಹೇಳುವಾಗ, ಇಷ್ಟು ದೂರ ಬಂದು ಇಷ್ಟೆಲ್ಲ ನೋಡುತ್ತಿದ್ದರೂ ನನಗೆ ಅವಳ ಮುಚ್ಚಿದ ಬಾಯಿಯೊಂದೇ ಕಾಣುತ್ತಿತ್ತು. ಬೆಳಿಗ್ಗೆ ಪೂಜೆ ಮಾಡುತ್ತಿದ್ದಳು. ಮುಂಚೆ ಹೋಟೆಲು ಹೊತ್ತಿ ಉರಿದರೂ ಏಳದೆ ಕೂರುತ್ತಿದ್ದವಳು ಈಗ ಬೇಗ ಮುಗಿಸಿ ಏಳುತ್ತಿದ್ದಳು. ನನ್ನ ಮೇಲೆ ಸಿಟ್ಟು ಅಂದುಕೊಂಡೆ. ಸಿಟ್ಟಿದ್ದರೆ ಬೈಯಬೇಕಿತ್ತು. ಹೀಗೆ ಮೌನವಾಗಿ ಶಿಕ್ಷೆ ಕೊಡುವುದನ್ನು ನಾನು ಸಹಿಸುವವಳಲ್ಲ. ಆದರೂ ಕೇಳಲು ಧೈರ್ಯ ಬರಲಿಲ್ಲ.

ಊರಿಗೆ ಬಂದು ಅವರೆಕಾಯಿ ಕಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಹೊರಗಿನ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ನಾನು ಪೀಠಿಕೆ ಹಾಕಲಿಲ್ಲ.

‘ಅಕ್ಕಾ, ನನ್ನಿಂದ ನಿನಗೆ ಹಿಂಗಾತು. ಬೈಯೋದಿದ್ರೆ ಬೈದುಬಿಡು.’

‘ನಿನ್ನಿಂದ ಏನಾಗೈತೆ? ಡಬ್ಬಿ ಕೊಟ್ಟೋಳು ನಾನು.’

‘ಅಯ್ಯನೋರ ಹತ್ರ ಹೋಗಿ ಮತ್ತೆ ಕಟ್ಟಿಸ್ಕಂಡ್ಯಾ? ಅವ್ರು ಏನಂದ್ರು?’

‘ಹೋಗಿಲ್ಲ.’

‘ಯಾಕೆ?’

‘ಹೋಗಿ ಏನಂತ ಹೇಳ್ಲಿ?’ ಅಂದಳು. ಎರಡು ಮೂರು ಕಾಯಿ ಸುಲಿದಳು. ‘ಲೇ ಶಾಹಿಸ್ತಾ, ಅವತ್ತು ಅದನ್ನ ತಗದಾಗ ನಾನು ಸಾಯ್ತೀನಿ ಅಂತ ಗೊತ್ತಿದ್ದೇ ತಗದೆ ಕಣೆ. ತಮಾಷೆಗಲ್ಲ. ನಿನ್ನ ಬಿಡ್ಲಿ, ನಾನು ಇಲ್ಲೇ ಬಿದ್ದು ಹೋಗ್ಲಿ ಅಂದ್ಕಂಡೆ. ನಿನ್ನ ಹೊಡ್ತಕ್ಕೆ ಉಸಿರು ಬಂತು. ಅದು ಇನ್ನೂ ಮೆಷಿನ್ನಿನೊಳಗೇ ಐತೆ, ನಾನು ಇಲ್ಲಿ ಬದುಕಿದೀನಿ.’

ಸುಲಿದ ಕಾಳನ್ನು ಮೊರದ ಅಂಚಿಗೆ ಸರಿಸಿದಳು.

‘ಅಜ್ಜಿ ಹೇಳಿದ್ದು ಸುಳ್ಳಾತಲ್ಲ. ಅವತ್ತಿಂದ ಅದನ್ನ ಕೈಯಾಗೆ ಇಟ್ಕಂಡ್ರೆ ಭಯ ಆಗ್ತೈತೆ. ಏನು ಕೇಳಿದ್ರೂ ಅದು ಮಾತಾಡಲ್ಲ. ಮೊದ್ಲು ಮಾತಾಡ್ತಿತ್ತು.’

ನನ್ನ ಕೈಲಿ ಆಗಿದ್ದು ಅವಳ ಎದುರಿಗೆ ಕೂತು ಮೊರಕ್ಕೆ ಕೈ ಹಾಕುವುದೊಂದೇ. ನನಗೋಸ್ಕರ ಪ್ರಾಣ ಕೊಟ್ಟವಳು, ಸಿಪ್ಪೆಯನ್ನು ಪಕ್ಕಕ್ಕೆ ಹಾಕು, ಕಾಳಿನಲ್ಲಿ ಬೆರೆಸಬೇಡ ಅಂತ ನನ್ನನ್ನು ಗದರಿದಳು.